ಲಿಸ್ಬನ್ ನಗರದ ಪಡಖಾನೆಗಳೂ ಫಾದೊ ಗಾನವೂ

ಪಾನಗೃಹವೆಂಬುದು ಎಲ್ಲ ಕಾಲದಲ್ಲಿಯೂ ಶಿಷ್ಟರ ನಿಂದೆಗೂ ಅರಸರ ಕಣ್ಗಾವಲಿಗೂ ಗುರಿಯಾದ ಸ್ಥಳವು. ಕೌಟಿಲ್ಯನು ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ, ಪಾನಾಗಾರಗಳಲ್ಲಿ ಅನೇಕ ಕೋಣೆಗಳೂ ಶಯನಾಸನಗಳೂ ಋತುವಿಗೆ ತಕ್ಕ ಗಂಧಮಾಲ್ಯೋದಕಗಳೂ ಇರಬೇಕೆಂದು ವಿಧಿಸಿ, ಅಲ್ಲಿ ಜನರು ಮಾಡುವ ವೆಚ್ಚವನ್ನು ಗೂಢಚಾರರು ಗಮನಿಸುತ್ತಿರಬೇಕೆಂದೂ ಹೇಳಿರುವನು. ಮದ್ಯವು ಸಂಸಾರಗಳನ್ನು ಕೆಡಿಸುವುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಜನರನ್ನು ಅಲ್ಲಿಗೆ ಸೆಳೆಯುವುದು ಮದ್ಯವೊಂದೇ ಎಂದು ತಿಳಿಯುವುದು ಸರಿಯಲ್ಲ. ಪೋರ್ತುಗಾಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರದ ಪಡಖಾನೆಗಳ ಚರಿತ್ರೆಯೇ ಇದಕ್ಕೆ ನಿದರ್ಶನವಾಗಿದೆ.

ಪೋರ್ತುಗೀಸರು ಕನ್ನಡಿಗರಿಗೆ ಅಪರಿಚಿತರಲ್ಲ. ವಿಜಯನಗರದ ವೈಭವವನ್ನು ಕಂಡು ಬರೆದಿಟ್ಟ ಪಾಯೆಸ್, ನೂನಿಜ್ ಎಂಬವರು ಆ ದೇಶದವರೇ. ನೆರೆಯ ಗೋವೆಯು 1961ರ ವರೆಗೂ ಅವರ ಆಳಿಕೆಯಲ್ಲಿದ್ದಿತು. ನಾವಿಕರೂ ಆಳರಸರೂ ಆಗಿ ಇತಿಹಾಸದಲ್ಲಿ ಕಾಣಿಸಿಕೊಳ್ಳುವ ಆ ಜನರ ಒಳಗಿನ ದುಃಖವನ್ನು ಅರಿಯಬೇಕಾದರೆ ಲಿಸ್ಬನ್ನಿನ ಮೊರಾರಿಯ, ಅಲ್ಫಾಮ ಎಂಬ ಹಳೆಯ ಕೇರಿಗಳನ್ನು ಹೊಗಬೇಕು. 1147ರಲ್ಲಿ ನಗರವು ಕ್ರೈಸ್ತರ ಕೈವಶವಾದ ಮೇಲೆ ಮೂರ್ ಮುಸಲ್ಮಾನರಿಗೆ ವಾಸಕ್ಕೆಂದು ಬಿಟ್ಟ ಕೇರಿ ಮೊರಾರಿಯ. 1755ರ ಮಹಾಭೂಕಂಪದಲ್ಲಿ ಬಹುಮಟ್ಟಿಗೆ ಉಳಿದುಕೊಂಡ ಕೇರಿ ಅಲ್ಫಾಮ. ಇಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ನಾವಿಕರು, ಕೂಲಿಕಾರರು, ಮೀನು ಮಾರುವ ಹೆಂಗಸರು, ವೇಶ್ಯೆಯರು ಸೇರುತ್ತಿದ್ದ ಪಡಖಾನೆಗಳಲ್ಲಿ, 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಫಾದೊ ಎಂಬ ಗಾನವು ಬೆಳೆಯಿತು. ಲ್ಯಾಟಿನ್ ಮೂಲದ ಈ ಶಬ್ದಕ್ಕೆ ವಿಧಿ ಎಂದೇ ಅರ್ಥ.

ಈ ಗಾನದ ಆದ್ಯ ಗಾಯಿಕೆಯೆಂದು ಹೆಸರಾದವಳು ಮರಿಯ ಸೆವೇರಾ. 1820ರಲ್ಲಿ ಹುಟ್ಟಿದ ಈಕೆಯ ತಾಯಿಯು ಪಡಖಾನೆಯೊಂದನ್ನು ನಡೆಯಿಸುತ್ತಿದ್ದಳು. ವಿಮಿಯೋಸೊ ಕೌಂಟನೆಂಬ ಶ್ರೀಮಂತನು ಈಕೆಗೆ ಮನಸೋತನೆಂದು ಪ್ರತೀತಿ. 1846ರಲ್ಲಿ, ತನ್ನ 26ನೆಯ ವಯಸ್ಸಿನಲ್ಲಿಯೇ, ಮೊರಾರಿಯ ಕೇರಿಯಲ್ಲಿ ತೀರಿಕೊಂಡಳು. ಬದುಕಿದ್ದಾಗ ಶಿಷ್ಟಸಮಾಜವು ಹೊಸ್ತಿಲು ದಾಟಗೊಡದಿದ್ದ ಈ ಹೆಂಗಸಿನ ಕಥೆಯನ್ನು 1901ರಲ್ಲಿ ಜೂಲಿಯೋ ದಾಂತಸನು ಕಾದಂಬರಿಯಾಗಿಸಿದನು. 1931ರಲ್ಲಿ ಅದೇ ಕಥೆಯು ಪೋರ್ತುಗೀಸರ ಮೊದಲ ವಾಕ್ಚಿತ್ರವಾಯಿತು.

ಆ ಪಡಖಾನೆಗಳಲ್ಲಿ ವೇದಿಕೆಯಿಲ್ಲ, ಭೂಷಣವಿಲ್ಲ. ನಾಲ್ಕು ಮೇಜು, ದ್ರಾಕ್ಷಾಮದ್ಯದ ಪೀಪಾಯಿ, ಹನ್ನೆರಡು ತಂತಿಗಳ ಪೋರ್ತುಗೀಸ್ ಗಿಟಾರು, ಶ್ರುತಿ ಲಯಗಳಿಗೆ ಆಧಾರವಾಗಿ ಇನ್ನೊಂದು ಗಿಟಾರು, ಇಷ್ಟೇ ಸಾಮಗ್ರಿ. ಹಾಡು ಮೊದಲಾಗುವಾಗ ದೀಪವನ್ನು ಮಂದಗೊಳಿಸುವರು; ಮಾತು ನಿಲ್ಲುವುದು. ಈ ಕ್ಷಣದ ಹಿಂದೆ ಗದ್ದಲವೆಬ್ಬಿಸುತ್ತಿದ್ದವನೂ ಮೌನಿಯಾಗುವನು. ಅದೇ ಮೇಜಿನ ಬಳಿ ಕುಳಿತಿದ್ದವನೊಬ್ಬನು ಎದ್ದು ನಿಂತು ಕಣ್ಣು ಮುಚ್ಚಿ ಹಾಡಿ, ಮತ್ತೆ ತನ್ನ ಸ್ಥಳದಲ್ಲಿ ಕುಳಿತುಕೊಳ್ಳುವನು. ಪ್ರಸಿದ್ಧ ಗಾಯಕನಾದ ಆಲ್ಫ್ರೆದೊ ಮರ್ಸನೇರೊ (1891–1982) ಎಂಬಾತನು ವೃತ್ತಿಯಿಂದ ಮರಗೆಲಸದವನು. ಆ ವೃತ್ತಿಯ ಹೆಸರೇ ಅವನ ಹೆಸರಾಗಿ ನಿಂತಿತು. ನಮ್ಮ ನಾಡಿನಲ್ಲಿ ಒಂದೇ ಮಟ್ಟಿಗೆ ಹಲವು ಪದಗಳನ್ನು ಹೊಂದಿಸಿ ಹಾಡುವಂತೆ, ಫಾದೊದಲ್ಲಿಯೂ ಹಳೆಯ ಮಟ್ಟುಗಳಿಗೆ ಹಾಡುವವನು ತನಗೊಪ್ಪುವ ಪದ್ಯವನ್ನು ಕೂಡಿಸಬಹುದು. ಆದುದರಿಂದ ಕೇರಿಯ ಸುದ್ದಿ, ಬಡವರ ಕಷ್ಟ, ದೊಡ್ಡವರ ಪರಿಹಾಸ ಎಲ್ಲವೂ ಹಾಡಿನೊಳಗೆ ಬರುತ್ತಿದ್ದುವು.

ಇದೇ ಆಳುವವರ ಶಂಕೆಗೆ ಕಾರಣವಾಯಿತು. 1926ರಲ್ಲಿ ಸೈನ್ಯವು ಅಧಿಕಾರವನ್ನು ವಶಪಡಿಸಿಕೊಂಡಿತು. ಮರುವರ್ಷದ ಶಾಸನದ ಪ್ರಕಾರ ಗಾಯಕರು ವೃತ್ತಿಯ ಪರವಾನಗಿಯನ್ನು ಪಡೆಯಬೇಕಾಯಿತು. ಪದ್ಯಗಳನ್ನು ಮುಂಚಿತವಾಗಿ ಪರೀಕ್ಷಕರಿಗೆ ಒಪ್ಪಿಸಬೇಕಾಯಿತು. ಆಶುಪದ್ಯವು ಕ್ಷೀಣಿಸಿತು. ಗಾಯಕರು ವೇತನ ಪಡೆದು ಹಾಡುವ ಫಾದೊ ಗೃಹಗಳು ಹೆಚ್ಚಿದುವು. ಇದರಿಂದ ನಷ್ಟವೇ ಆಯಿತೆನ್ನಲಾಗದು. ಕಲಾವಿದರಿಗೆ ಜೀವನೋಪಾಯವೂ ಗೌರವವೂ ದೊರೆತುವು. ಬಾಲ್ಯದಲ್ಲಿ ಹಣ್ಣು ಮಾರುತ್ತಿದ್ದ ಅಮಾಲಿಯ ರೊದ್ರೀಗಸಳು ಜಗದ್ವಿಖ್ಯಾತಳಾದಳು. 1999ರಲ್ಲಿ ಆಕೆಯು ತೀರಿಕೊಂಡಾಗ ಮೂರು ದಿನಗಳ ರಾಷ್ಟ್ರೀಯ ಶೋಕಾಚರಣೆ ನಡೆಯಿತು. ಆದರೆ ಆಡಳಿತವು ಸಾಕಿದ ಕಲೆಯೆಂಬ ಅಪವಾದವು ಹತ್ತಿದುದರಿಂದ, 1974ರ ಕ್ರಾಂತಿಯ ತರುವಾಯ ಕೆಲಕಾಲ ಜನರೇ ಫಾದೊವನ್ನು ಸಂದೇಹದಿಂದ ಕಂಡರು. ಮೊದಲು ಕೀಳೆಂದು ದೂರವಿರಿಸಲ್ಪಟ್ಟ ಗಾನವು ಅನಂತರ ಅಧಿಕಾರದ ಸಹವಾಸಕ್ಕಾಗಿ ದೂಷಿತವಾದುದು ವಿಧಿಯೆಂಬ ಅದರ ಹೆಸರಿಗೆ ತಕ್ಕುದೇ ಆಗಿದೆ.

2011ರಲ್ಲಿ ಯುನೆಸ್ಕೋ ಸಂಸ್ಥೆಯು ಫಾದೊವನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಪ್ರವಾಸಿಗಳಿಗೆಂದು ಭೋಜನದೊಡನೆ ಗಾನವನ್ನು ಏರ್ಪಡಿಸುವ ಗೃಹಗಳು ಲಿಸ್ಬನ್ನಿನಲ್ಲಿ ಹೇರಳವಾಗಿವೆ. ಆದರೂ ಸಣ್ಣ ಪಡಖಾನೆಗಳಲ್ಲಿ ಯಾರು ಬೇಕಾದರೂ ಎದ್ದು ಹಾಡುವ ಪದ್ಧತಿಯು ಅಳಿದಿಲ್ಲ. ಅದಕ್ಕೆ ಫಾದೊ ವಾದಿಯೊ, ಎಂದರೆ ಅಲೆಮಾರಿ ಫಾದೊ, ಎಂದು ಹೆಸರು. ಕಂಠವು ಸ್ವಲ್ಪ ಒಡೆದಿದ್ದರೂ ಅಲ್ಲಿ ಯಾರೂ ನಗುವುದಿಲ್ಲ.

ಶಾಸನವು ಪದ್ಯವನ್ನು ತಿದ್ದಬಲ್ಲುದು, ಪರವಾನಗಿಯು ಗಾಯಕನನ್ನು ಆರಿಸಬಲ್ಲುದು. ಆದರೆ ದಿನದ ದುಡಿಮೆಯಿಂದ ಬಳಲಿದವನ ದುಃಖವನ್ನು ಹತ್ತು ಜನರು ಮೌನದಿಂದ ಕೇಳುವ ಸ್ಥಳವನ್ನು ಅವು ನಿರ್ಮಿಸಲಾರವು. ಆ ಹತ್ತು ಜನರ ಮೌನವೇ ಲಿಸ್ಬನ್ನಿನ ಪಡಖಾನೆಯ ನಿಜವಾದ ಆಕರ್ಷಣೆ.