ಲಿಯೋಸ್, ಪೀಣ್ಯ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ ಇಸ್ರೊದ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯ, ಸ್ಥಾಪನೆ 1993. ಅದಕ್ಕೂ ಮೊದಲು, 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ಸಿದ್ಧವಾದದ್ದೂ ಇಲ್ಲಿನ ಶೆಡ್ಡುಗಳಲ್ಲೇ.

2008ರ ಚಂದ್ರಯಾನ-1ರ ಲೇಸರ್ ದೂರಮಾಪಕ ಲಿಯೋಸ್‌ನ ಹೆಸರಾಂತ ಕೆಲಸ. 100 ಕಿ.ಮೀ. ಎತ್ತರದಿಂದ 1064 ನ್ಯಾನೊಮೀಟರಿನ ಅವಕೆಂಪು ಮಿಡಿತಗಳನ್ನು ಸೆಕೆಂಡಿಗೆ 10ರಂತೆ ಚಂದ್ರನತ್ತ ಹಾಯಿಸಿ, ಬೆಳಕು ಮರಳಿದ ಸಮಯದಿಂದ ನೆಲದ ಏರುತಗ್ಗನ್ನು ಅಳೆಯುತ್ತಿತ್ತು. ಹೋಗಿಬರಲು ಒಂದು ಮಿಲಿಸೆಕೆಂಡೂ ಹಿಡಿಯದು!

2019ರಲ್ಲಿ ಸ್ಥಾಪನೆಯಾದ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ಮೂಲಕ ಇಸ್ರೊದ ತಂತ್ರಜ್ಞಾನ ಸಣ್ಣ ಉದ್ದಿಮೆಗಳಿಗೂ ಸಿಗುತ್ತದೆ. ಆದರೆ ಇಂಥ ಸಾಧನಗಳ ಲೇಸರ್ ಕನ್ನಡಿಯ ವಿಷಯದಲ್ಲಿ ನಕ್ಷೆ, ಒಪ್ಪಂದಗಳಷ್ಟೇ ಸಾಲವು. ಕನ್ನಡಿಯ ಮೈಯ ಉಬ್ಬುತಗ್ಗು ಬೆಳಕಿನ ತರಂಗದುದ್ದದ ಸಣ್ಣ ಪಾಲನ್ನೂ ಮೀರುವಂತಿಲ್ಲ. ಲೇಪನದಲ್ಲಿ ಧೂಳಿನ ಕಣ ಉಳಿದರೆ ಬಲವಾದ ಲೇಸರ್ ಅಲ್ಲಿಯೇ ಸುಟ್ಟು ಗುಳಿ ಮಾಡುತ್ತದೆ. ಇಂಥ ಉಜ್ಜುವ, ಅಳೆಯುವ ಕೈಚಳಕವನ್ನು ಉದ್ದಿಮೆಯವರು ಪ್ರಯೋಗಾಲಯದವರ ಪಕ್ಕದಲ್ಲಿ ನಿಂತೇ ಕಲಿಯಬೇಕು.