ದೇಹವೇ ಆಹಾರ್ಯವಾದಾಗ: ಚಲನಚಿತ್ರ ನಟರ ಅತಿಸಿದ್ಧತೆ ಕುರಿತು ಒಂದು ಮರುವಿಚಾರ

ಚಿತ್ರ ತೆರೆಗೆ ಬರುವ ಮುನ್ನವೇ ಅದರ ನಾಯಕನಟ ಎಷ್ಟು ಕಿಲೋ ಇಳಿದ, ಎಷ್ಟು ಕಿಲೋ ಏರಿದ ಎಂಬ ಸುದ್ದಿ ಬರುವುದು ಈಗ ವಾಡಿಕೆ. ವಿಮರ್ಶಕರೂ ಆ ಅಂಕಿಗಳನ್ನು ಹಾಗೇ ಎತ್ತಿಕೊಂಡು ಅಭಿನಯದ ಹೊಗಳಿಕೆಯೊಳಗೆ ಸೇರಿಸಿಬಿಡುತ್ತಾರೆ. ತೂಕ ಇಳಿಸುವುದು, ಏರಿಸುವುದು, ನಿದ್ದೆಗೆಡುವುದು, ತಿಂಗಳುಗಟ್ಟಲೆ ಪಾತ್ರದ ಸ್ಥಿತಿಯಲ್ಲೇ ಬದುಕುವುದು, ಇವೆಲ್ಲ ಅಭಿನಯವೆ? ಹೌದಾದರೆ ಅದರ ಯಾವ ಅಂಗ? ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಭರತನ ನಾಟ್ಯಶಾಸ್ತ್ರ ಹೇಳುವ ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕಗಳೆಂಬ ನಾಲ್ಕು ಬಗೆಗಳಲ್ಲಿ ಇವು ಬಹುಮಟ್ಟಿಗೆ ಆಹಾರ್ಯಕ್ಕೆ, ಅಂದರೆ ವೇಷಭೂಷಣ ಮತ್ತು ಪ್ರಸಾಧನದ ವರ್ಗಕ್ಕೆ ಸೇರುತ್ತವೆ. ಹಳೆಯ ಆಹಾರ್ಯ ಚರ್ಮದ ಮೇಲಿತ್ತು, ಇದು ಚರ್ಮದೊಳಕ್ಕೆ ಇಳಿದಿದೆ. ಪ್ರಚಾರ ಮಾತ್ರ ಇದನ್ನು ಸಾತ್ವಿಕವೆಂದು, ಅಂದರೆ ಮನಸ್ಸಿನಿಂದ ಹುಟ್ಟಿದ ಅಭಿನಯವೆಂದು ಮಾರುತ್ತದೆ.

ತಪ್ಪು ವಂಶಾವಳಿ

ಇಂಥ ಸಿದ್ಧತೆಗೆಲ್ಲ 'ಮೆಥಡ್ ಆ್ಯಕ್ಟಿಂಗ್' ಎಂಬ ಒಂದೇ ಚೀಟಿ ಅಂಟಿಸುವುದು ರೂಢಿ. ಇತಿಹಾಸ ಇದನ್ನು ಒಪ್ಪುವುದಿಲ್ಲ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದ ಸ್ಟಾನಿಸ್ಲಾವ್‌ಸ್ಕಿ ಒಂದು ಹಂತದಲ್ಲಿ ನಟನ ಭಾವಸ್ಮೃತಿಗೆ, ಅಂದರೆ ಸ್ವಂತ ಬದುಕಿನ ನೋವು ನಲಿವುಗಳನ್ನು ಮರಳಿ ಕರೆಸಿಕೊಳ್ಳುವುದಕ್ಕೆ ಒತ್ತು ಕೊಟ್ಟದ್ದು ನಿಜ. ಕಡೆಯ ವರ್ಷಗಳಲ್ಲಿ ಅವರು ಸಣ್ಣ ಸಣ್ಣ ದೈಹಿಕ ಕ್ರಿಯೆಗಳ ಮೂಲಕ ಭಾವವನ್ನು ತಲುಪುವ ದಾರಿಗೆ ಹೊರಳಿದ್ದರು. ಅಮೆರಿಕದಲ್ಲಿ ಲೀ ಸ್ಟ್ರಾಸ್‌ಬರ್ಗ್ ಮೊದಲನೆಯದನ್ನೇ ಹಿಡಿದು 'ಮೆಥಡ್' ಆಗಿ ಬೆಳೆಸಿದರು. 1934ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟಾನಿಸ್ಲಾವ್‌ಸ್ಕಿಯನ್ನೇ ಕಂಡು ಬಂದ ಸ್ಟೆಲ್ಲಾ ಆಡ್ಲರ್, ಸ್ಮೃತಿಗಿಂತ ಕಲ್ಪನೆ ಮತ್ತು ಸನ್ನಿವೇಶ ಮುಖ್ಯವೆಂದು ಸ್ಟ್ರಾಸ್‌ಬರ್ಗ್ ವಿರುದ್ಧ ನಿಂತರು. ಜಗಳ ತೀವ್ರವಾಗಿಯೇ ನಡೆಯಿತು. ಆದರೂ ಊಟ ಬಿಡು, ದಪ್ಪಗಾಗು ಎಂಬುದು ಎರಡು ಪಕ್ಷಗಳಲ್ಲಿ ಯಾರ ಸಿದ್ಧಾಂತದ ತಿರುಳೂ ಆಗಿರಲಿಲ್ಲ.

ಅತಿಸಿದ್ಧತೆಗೆ ಉದಾಹರಣೆಯಾಗಿ ಎಲ್ಲರೂ ಹೆಸರಿಸುವ ಮೂವರ ಶಿಕ್ಷಣವನ್ನೇ ನೋಡಿ. ರಾಬರ್ಟ್ ಡಿ ನೀರೊ ಕಲಿತದ್ದು ಮುಖ್ಯವಾಗಿ ಸ್ಟ್ರಾಸ್‌ಬರ್ಗರ ಎದುರಾಳಿ ಆಡ್ಲರ್ ಬಳಿ. ಡೇನಿಯಲ್ ಡೇ-ಲೂಯಿಸ್ ಬ್ರಿಟನ್ನಿನ ಬ್ರಿಸ್ಟಲ್ ಓಲ್ಡ್ ವಿಕ್ ರಂಗಶಾಲೆಯ ವಿದ್ಯಾರ್ಥಿ. ಬಾಲನಟನಾಗಿ ಬಂದ ಕ್ರಿಶ್ಚಿಯನ್ ಬೇಲ್ ತಾನು ಮೆಥಡ್ ನಟನಲ್ಲವೆಂದು ಬಾಯಿಬಿಟ್ಟು ಹೇಳಿದವರು. ಪರಂಪರೆಯ ವಾರಸುದಾರರೆನಿಸಿಕೊಂಡ ಮೂವರೂ ಆ ಮನೆಯ ಮಕ್ಕಳಲ್ಲ. ಹಾಗಾದರೆ ಈ ಅತಿಸಿದ್ಧತೆಯ ಬೇರನ್ನು ಬೇರೆಡೆ ಹುಡುಕಬೇಕು. ನನಗೆ ಅದು ಕ್ಯಾಮೆರಾದಲ್ಲಿ ಮತ್ತು ಚಿತ್ರೀಕರಣದ ವೇಳಾಪಟ್ಟಿಯಲ್ಲಿ ಕಾಣುತ್ತದೆ.

ವೇಳಾಪಟ್ಟಿಯ ಕೂಸು

ರಂಗನಟ ನಾಳೆಯೂ ಅದೇ ಪಾತ್ರ ಆಡಬೇಕು, ಮುಂದಿನ ವಾರ ಬೇರೊಂದು ಪಾತ್ರವನ್ನು ಹೊರಬೇಕು. ಒಂದೇ ಪ್ರಯೋಗದ ಮೊದಲ ಅಂಕದಲ್ಲಿ ಗಟ್ಟಿಮುಟ್ಟಾಗಿದ್ದು ಮೂರನೆಯ ಅಂಕಕ್ಕೆ ಮೂಳೆಚಕ್ಕಳವಾಗಲು ಅವನಿಗೆ ಸಾಧ್ಯವಿಲ್ಲ. ಅದಕ್ಕಾಗಿಯೇ ರಂಗಭೂಮಿ ಸೂಚನೆಯ ಭಾಷೆಯನ್ನು ಕಟ್ಟಿಕೊಂಡಿತು. ಸಿನಿಮಾದಲ್ಲಿ ಕಥೆಯ ಕಾಲವೂ ಚಿತ್ರೀಕರಣದ ಕಾಲವೂ ಬೇರೆ ಬೇರೆ. ಹಣವಿದ್ದರೆ ಎರಡರ ನಡುವೆ ತಿಂಗಳುಗಳನ್ನೇ ತುರುಕಬಹುದು.

ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶನದ 'ರೇಜಿಂಗ್ ಬುಲ್' (1980) ಈ ಮಾದರಿಯನ್ನು ಜನಪ್ರಿಯಗೊಳಿಸಿತು. ಬಾಕ್ಸರ್ ಜೇಕ್ ಲಮೋಟಾನ ಯೌವನದ ಭಾಗ ಮುಗಿದ ಮೇಲೆ ಚಿತ್ರೀಕರಣವನ್ನು ತಿಂಗಳುಗಟ್ಟಲೆ ನಿಲ್ಲಿಸಲಾಯಿತು. ಲಮೋಟಾನಿಂದಲೇ ಬಾಕ್ಸಿಂಗ್ ಕಲಿತಿದ್ದ ಡಿ ನೀರೊ ಆ ಬಿಡುವಿನಲ್ಲಿ ಇಟಲಿ, ಫ್ರಾನ್ಸುಗಳಲ್ಲಿ ಉಂಡು ಸುಮಾರು 27 ಕಿಲೋ ಏರಿದರು. ಮರಳಿ ಬಂದಾಗ ಉಸಿರಾಟವೇ ಭಾರವಾಗಿತ್ತು. ಸ್ಕಾರ್ಸೆಸಿ ಆತಂಕಗೊಂಡು ಆ ಭಾಗವನ್ನು ಬೇಗ ಮುಗಿಸಿದರು. ರಾಬರ್ಟ್ ಜೆಮೆಕಿಸ್ 'ಕಾಸ್ಟ್ ಅವೇ' (2000) ಚಿತ್ರಕ್ಕೆ ಟಾಮ್ ಹ್ಯಾಂಕ್ಸ್ ತೂಕ ಇಳಿಸಲೆಂದು ಸುಮಾರು ಒಂದು ವರ್ಷ ಕೆಲಸ ನಿಲ್ಲಿಸಿ, ಆ ನಡುವೆ ಬೇರೊಂದು ಚಿತ್ರವನ್ನೇ ತೆಗೆದರು. ರೋಮನ್ ಪೊಲಾನ್‌ಸ್ಕಿ 'ದಿ ಪಿಯಾನಿಸ್ಟ್' (2002) ಚಿತ್ರವನ್ನು ಹಿಂದುಮುಂದಾಗಿ ತೆಗೆದರು. ಹಸಿದು ಸೊರಗಿದ ಏಡ್ರಿಯನ್ ಬ್ರೋಡಿಯ ದೃಶ್ಯಗಳು ಮೊದಲು ಬಂದವು. 'ದಂಗಲ್' (2016) ಚಿತ್ರಕ್ಕೆ ಆಮಿರ್ ಖಾನ್ ಸುಮಾರು 97 ಕಿಲೋಗೆ ಏರಿ ಮುದುಕನ ಭಾಗವನ್ನು ಮೊದಲು ಮುಗಿಸಿ, ಆಮೇಲೆ ಇಳಿದು ಕುಸ್ತಿಪಟುವಿನ ಯೌವನಕ್ಕೆ ಹೋದರು.

ಇಲ್ಲೆಲ್ಲ ನಟನ ಛಲ ಎಷ್ಟಿದೆಯೋ ನಿರ್ಮಾಪಕನ ಖಾತೆಯೂ ಅಷ್ಟೇ ಇದೆ. ದಿನಗೂಲಿಯ ಪೋಷಕನಟನಿಗೆ ಯಾರೂ ವರ್ಷದ ಬಿಡುವು ಕೊಡುವುದಿಲ್ಲ. ಸಂನ್ಯಾಸದಂತೆ ತೋರುವ ಈ ತ್ಯಾಗ ತಾರೆಗಳ ಸವಲತ್ತೂ ಹೌದು.

ಹಸಿವು ಮಾಡುವ ಕೆಲಸ

ಬ್ರಾಡ್ ಆ್ಯಂಡರ್ಸನ್ ನಿರ್ದೇಶಿಸಿ, ಬಾರ್ಸಿಲೋನಾದಲ್ಲಿ ಚಿತ್ರಿಸಿದ 'ದಿ ಮೆಶಿನಿಸ್ಟ್' (2004) ಈ ಚರ್ಚೆಯ ಅತ್ಯಂತ ಗಂಭೀರ ಉದಾಹರಣೆ. ಒಂದು ವರ್ಷದಿಂದ ನಿದ್ದೆ ಮಾಡದ ಕಾರ್ಖಾನೆಯ ಕೆಲಸಗಾರ ಟ್ರೆವರ್ ರೆಜ್ನಿಕ್‌ನ ಪಾತ್ರಕ್ಕೆ ಬೇಲ್ ಸುಮಾರು 28 ಕಿಲೋ ಇಳಿದು 55 ಕಿಲೋ ಆಸುಪಾಸಿಗೆ ಬಂದರು. ಅಂದರೆ ದೇಹದ ಮೂರನೆಯ ಒಂದು ಪಾಲು ಹೋಯಿತು. ಪ್ರಚಾರದಿಂದ ಬಂದ ಇಂಥ ಅಂಕಿಗಳಲ್ಲಿ ಒಂದೆರಡು ಕಿಲೋ ಹೆಚ್ಚುಕಡಿಮೆ ಇರಬಹುದು. ತೆರೆಯ ಮೇಲಿನ ಪಕ್ಕೆಲುಬುಗಳಂತೂ ಸುಳ್ಳು ಹೇಳುವುದಿಲ್ಲ.

ಮೂರನೆಯ ಒಂದು ಪಾಲು ಎಂಬುದರ ಅರ್ಥ ತಿಳಿಯಲು ಸಿನಿಮಾದಿಂದ ಹೊರಗೆ ಹೋಗಬೇಕು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಬರ ಬಡಿದ ಯುರೋಪಿನ ಜನರನ್ನು ಮತ್ತೆ ಉಣಿಸಿ ಚೇತರಿಸುವುದು ಹೇಗೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಸಿದರು. ಮನಸ್ಸಾಕ್ಷಿಯ ಕಾರಣಕ್ಕೆ ಸೇನೆಗೆ ಸೇರಲೊಲ್ಲದ 36 ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದರು. 1945ರಲ್ಲಿ 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿಯಷ್ಟು ಆಲೂಗಡ್ಡೆ, ಗಡ್ಡೆತರಕಾರಿ, ಬ್ರೆಡ್ ಮುಂತಾದವನ್ನಷ್ಟೇ ಕೊಟ್ಟರು. ವಾರಕ್ಕೆ 22 ಮೈಲಿ ನಡಿಗೆ ಕಡ್ಡಾಯ. ಅವರು ಕಳೆದುಕೊಂಡದ್ದು ದೇಹತೂಕದ ಕಾಲುಭಾಗ. 1950ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದ ವರದಿಯಲ್ಲಿ ಮೈಗಿಂತ ಮನಸ್ಸಿನ ವಿವರಗಳೇ ಓದುಗನನ್ನು ತಡೆದು ನಿಲ್ಲಿಸುತ್ತವೆ. ಸಿಡುಕು, ಖಿನ್ನತೆ, ಜಡತೆ, ಜನರಿಂದ ದೂರ ಸರಿಯುವುದು, ಹೆಣ್ಣುಗಂಡಿನ ಆಸೆ ಬತ್ತುವುದು. ಅಡುಗೆ ಪುಸ್ತಕಗಳನ್ನು ಗಂಟೆಗಟ್ಟಲೆ ಓದುವವರು, ತಟ್ಟೆ ನೆಕ್ಕುವವರು ಹುಟ್ಟಿಕೊಂಡರು. ಒಬ್ಬನಂತೂ ಮತ್ತೆ ಉಣಿಸುವ ಹಂತದಲ್ಲಿ ಕೊಡಲಿಯಿಂದ ತನ್ನ ಬೆರಳುಗಳನ್ನೇ ಕಡಿದುಕೊಂಡ. ಇವರಾರೂ ನಟರಲ್ಲ, ಯಾರ ಪಾತ್ರವನ್ನೂ ಧರಿಸಿರಲಿಲ್ಲ. ಹಸಿವೇ ಅವರೊಳಗೆ ಇನ್ನೊಬ್ಬ ಮನುಷ್ಯನನ್ನು ಕೂಡಿಸಿತು.

ಈಗ ರೆಜ್ನಿಕ್‌ನ ಮಂದಗತಿ, ಕುಗ್ಗಿದ ದನಿ, ಯಾರ ಜೊತೆಯಲ್ಲಿದ್ದರೂ ದೂರವಿರುವ ಆ ನೋಟವನ್ನು ಮತ್ತೆ ನೋಡಿ. ಅದರಲ್ಲಿ ಬೇಲ್ ಕಟ್ಟಿದ್ದು ಎಷ್ಟು, ಹಸಿವು ಕಟ್ಟಿದ್ದು ಎಷ್ಟು? ಬೇಲ್ ಅವರೇ ಸಂದರ್ಶನಗಳಲ್ಲಿ, ಮೆಟ್ಟಿಲು ಹತ್ತಲೂ ಆಗದಷ್ಟು ಬಡಕಲಾದಾಗ ಮನಸ್ಸಿಗೆ ವಿಚಿತ್ರವಾದ ಶಾಂತಿ ಬಂದಿತ್ತೆಂದು, ದೇಹವೇ ಇಲ್ಲದೆ ಬರಿಯ ಆಲೋಚನೆಯಾಗಿ ಉಳಿದಂತಿತ್ತೆಂದು ವಿವರಿಸಿದ್ದಾರೆ. ಅಭಿಮಾನಿಗಳು ಇದನ್ನು ತಪಸ್ಸಿನ ಫಲವೆಂದು ಓದುತ್ತಾರೆ. ಕೀಸ್ ವರದಿ ಬಲ್ಲವನಿಗೆ ಅದರಲ್ಲಿ ಹಸಿವಿನ ರೋಗಲಕ್ಷಣವೂ ಕೇಳಿಸುತ್ತದೆ.

ನಾಟ್ಯಶಾಸ್ತ್ರ ಏಳನೆಯ ಅಧ್ಯಾಯದಲ್ಲಿ ಇದೇ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚುತ್ತದೆ. ದುಃಖವಿಲ್ಲದವನು ಕಣ್ಣೀರು ಸುರಿಸುವುದು ಹೇಗೆ, ಸುಖವಿಲ್ಲದವನು ಹರ್ಷ ತೋರುವುದು ಹೇಗೆ? ಮನಸ್ಸಿನ ಏಕಾಗ್ರತೆಯಿಂದ ಎಂಬುದು ಉತ್ತರ. ಆ ಏಕಾಗ್ರತೆಯಿಂದ ಹುಟ್ಟುವುದೇ ಸತ್ವ. ಸ್ತಂಭ, ಸ್ವೇದ, ರೋಮಾಂಚ, ವೈವರ್ಣ್ಯ, ಅಶ್ರು ಮೊದಲಾದ ಎಂಟು ಸಾತ್ವಿಕಭಾವಗಳು ಮೈಯಲ್ಲಿ ಕಾಣುತ್ತವೆ, ಆದರೆ ಮನಸ್ಸಿನಿಂದ ಹೊರಡುತ್ತವೆ. ಮೆಶಿನಿಸ್ಟ್ ಮಾದರಿ ಈ ದಾರಿಯನ್ನು ತಲೆಕೆಳಗು ಮಾಡುತ್ತದೆ. ವೈವರ್ಣ್ಯ, ಅಂದರೆ ಬಣ್ಣಗೆಡುವುದು, ಮೊದಲೇ ಮೈಯಲ್ಲಿ ಸಿದ್ಧವಾಗಿರುತ್ತದೆ, ಮನಸ್ಸು ಅದರ ಹಿಂದೆ ಕಾಲೆಳೆಯುತ್ತದೆ. ನಿಜವಾಗಿ ಹಸಿದವನು ಹಸಿದಂತೆ ಕಾಣುವುದರಲ್ಲಿ ಭರತನಿಗೆ ಸಮಸ್ಯೆಯೇ ಇಲ್ಲ, ಹಾಗಾಗಿ ಅದರಲ್ಲಿ ಸಾಧನೆಯೂ ಇಲ್ಲ. 1770ರ ದಶಕದಲ್ಲಿ ಬರೆದು 1830ರಲ್ಲಷ್ಟೇ ಅಚ್ಚಾದ ನಟನ ಕುರಿತ ಸಂವಾದದಲ್ಲಿ ಫ್ರೆಂಚ್ ಚಿಂತಕ ದಿದರೋ ಇನ್ನೂ ಮುಂದೆ ಹೋಗಿ, ದೊಡ್ಡ ನಟ ಏನನ್ನೂ ಅನುಭವಿಸುವುದಿಲ್ಲ ಎಂದ. ಅಷ್ಟು ದೂರ ಹೋಗಲು ನನಗೆ ಮನಸ್ಸಿಲ್ಲ.

ಏಕೆಂದರೆ ಹೊರಗಿನದು ಒಳಗನ್ನು ಮುಟ್ಟುತ್ತದೆ ಎಂಬುದಕ್ಕೆ ಪುರಾವೆಯಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ತರಬೇತಾದ ನಟರನ್ನು ಮೆದುಳಿನ ಸ್ಕ್ಯಾನರಿನಲ್ಲಿ ಮಲಗಿಸಿ, ರೋಮಿಯೊ ಅಥವಾ ಜೂಲಿಯೆಟ್ ಆಗಿ ಪ್ರಶ್ನೆಗಳಿಗೆ ಉತ್ತರಿಸಲು ಹೇಳಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಾನು ಎಂಬುದಕ್ಕೆ ಸಂಬಂಧಿಸಿದ ಮುಮ್ಮೆದುಳಿನ ಭಾಗಗಳ ಚಟುವಟಿಕೆ ಪಾತ್ರದಲ್ಲಿದ್ದಾಗ ತಗ್ಗಿತ್ತು. ತಾನಾಗಿಯೇ ಇದ್ದು ಉಚ್ಚಾರವನ್ನಷ್ಟೇ ಬ್ರಿಟಿಷರಂತೆ ಬದಲಿಸಿದಾಗಲೂ ಅಂಥದೇ ಒಂದು ಇಳಿಕೆ ಕಂಡಿತು. ಬರಿಯ ಉಚ್ಚಾರದಂಥ ಹೊರಗಿನ ಬದಲಾವಣೆಯೇ ಇಷ್ಟು ಮಾಡುವುದಾದರೆ, ಹೊರಗಿನದೇ ಆದ ಆಹಾರ್ಯವೂ ಕೆಳದರ್ಜೆಯ ಅಂಗವೇನಲ್ಲ. ಅದೇ ಬೆಳಕಿನಲ್ಲಿ ಇನ್ನೊಂದು ಮಾತೂ ತೋರುತ್ತದೆ. ಉಚ್ಚಾರದಿಂದ ಆಗುವುದಕ್ಕೆ ಮೂಳೆ ಸವೆಸಬೇಕಾಗಿಲ್ಲ.

ಮಾನಸಿಕ ಸಿದ್ಧತೆಯ ಕಥೆಗಳಲ್ಲಿ ದಂತಕಥೆಯ ಬೆರಕೆ ಇನ್ನೂ ಹೆಚ್ಚು. 'ದಿ ಡಾರ್ಕ್ ನೈಟ್' (2008) ಚಿತ್ರದ ಜೋಕರ್ ಪಾತ್ರವೇ ಹೀತ್ ಲೆಡ್ಜರ್‌ನನ್ನು ಕೊಂದಿತೆಂಬ ಮಾತು ಇಂದಿಗೂ ಓಡಾಡುತ್ತಿದೆ. 2008ರ ಜನವರಿಯಲ್ಲಿ ಆತ ತೀರಿಕೊಂಡದ್ದು ವೈದ್ಯರು ಬರೆದುಕೊಡುವ ಹಲವು ಔಷಧಿಗಳು ದೇಹದಲ್ಲಿ ಒಟ್ಟುಗೂಡಿದ ಆಕಸ್ಮಿಕದಿಂದ ಎಂದು ಅಧಿಕೃತ ತೀರ್ಮಾನ ಹೇಳುತ್ತದೆ. ಆ ಹೊತ್ತಿಗೆ ಜೋಕರ್ ಭಾಗದ ಚಿತ್ರೀಕರಣ ಮುಗಿದು ಆತ ಬೇರೆ ಚಿತ್ರದಲ್ಲಿದ್ದ. ಪಾತ್ರ ಕೊಂದಿತು ಎಂಬ ಮಾತನ್ನು ಕುಟುಂಬವೂ ಒಪ್ಪಿಲ್ಲ. ಸತ್ತ ನಟನ ಹೆಸರಿನಲ್ಲಿ ಪಾತ್ರಕ್ಕೆ ದೈವತ್ವ ಕಟ್ಟುವ ಈ ಚಾಳಿಯನ್ನು ಸಂಶೋಧಕರಾದರೂ ಬಿಡಬೇಕು.

ಚೌಕಿಯಲ್ಲಿ ಕಳಚುವ ವೇಷ

ನಮ್ಮ ಕಡೆ ಆಹಾರ್ಯದ ಅತಿಯನ್ನು ತಿಳಿದವರು ಯಕ್ಷಗಾನದ ಬಣ್ಣದ ವೇಷಧಾರಿಗಳು. ತೆಂಕುತಿಟ್ಟಿನ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಿಡಾರದಲ್ಲಿ, ಕಲಾವಿದನೇ ಅಕ್ಕಿಹಿಟ್ಟು ಸುಣ್ಣದ ಚಿಟ್ಟಿಯನ್ನು ಮುಖದ ಮೇಲೆ ಚುಕ್ಕಿಚುಕ್ಕಿಯಾಗಿ ಇಡುತ್ತ ಗಂಟೆಗಟ್ಟಲೆ ಕೂರುತ್ತಾನೆ. ಮುಖ ರಾಕ್ಷಸನದಾಗುತ್ತ ಹೋದಂತೆ ಮನಸ್ಸೂ ಅತ್ತ ಸಾಗುತ್ತದೆ. ಬೆಳಗಾದ ಮೇಲೆ ಅದೇ ಚೌಕಿಯಲ್ಲಿ ಎಲ್ಲವೂ ಕಳಚುತ್ತದೆ, ಆತ ಮನೆಗೆ ಹೋಗುತ್ತಾನೆ. ದೈವಾರಾಧನೆಯ ಭೂತಕೋಲದ ವ್ರತ ಬೇರೆ ಬಗೆಯದು. 'ಕಾಂತಾರ' (2022) ಚಿತ್ರದ ಕೋಲದ ದೃಶ್ಯಗಳಿಗೆ ಮುನ್ನ ಮಾಂಸಾಹಾರ ಬಿಟ್ಟಿದ್ದಾಗಿ ರಿಷಬ್ ಶೆಟ್ಟಿ ಹೇಳಿದ್ದಾರೆ. ತೆರೆಯ ಮೇಲೆ ಆ ವ್ರತ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಅದು ದೈವದ ಕಟ್ಟು ಕಟ್ಟುವ ಮುನ್ನ ಪಡೆಯುವ ಅರ್ಹತೆ. ಇದನ್ನೂ ಬೇಲ್ ಉಪವಾಸವನ್ನೂ ಒಂದೇ ತಕ್ಕಡಿಗೆ ಹಾಕುವ ಲೇಖನಗಳು ಎರಡನ್ನೂ ಅರಿತಿಲ್ಲ.

ಬಿ.ಎಸ್. ಲಿಂಗದೇವರು ನಿರ್ದೇಶನದ 'ನಾನು ಅವನಲ್ಲ... ಅವಳು' ಚಿತ್ರವನ್ನು ಈ ಜಾಗದಲ್ಲಿ ನೆನೆಯಬೇಕು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ ಇದರಲ್ಲಿ ಸಂಚಾರಿ ವಿಜಯ್ ಮಾದೇಶನಿಂದ ವಿದ್ಯಾ ಆಗುವ ಪಯಣ ಭುಜದ ಇಳಿತ, ಕೈಬೆರಳು, ಹೆಜ್ಜೆ, ದನಿಗಳಲ್ಲಿ ನಡೆಯುತ್ತದೆ. 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ವಿಜಯ್ ಅತ್ಯುತ್ತಮ ನಟರಾದರು, ಅದೇ ಚಿತ್ರ ಅತ್ಯುತ್ತಮ ಪ್ರಸಾಧನದ ಪ್ರಶಸ್ತಿಯನ್ನೂ ಪಡೆಯಿತು. ನಟನ ಪಾಲು ನಟನಿಗೆ, ಬಣ್ಣದ ಪಾಲು ಬಣ್ಣದವರಿಗೆ ಸಂದಿತು. ಈ ವಿವೇಕ ಅಪರೂಪದ್ದು.

ಯಾರು ಹೊರುತ್ತಾರೆ

'ಮೈ ಲೆಫ್ಟ್ ಫುಟ್' (1989) ಚಿತ್ರದಲ್ಲಿ ಸೆರೆಬ್ರಲ್ ಪಾಲ್ಸಿಯಿದ್ದ ಐರಿಷ್ ಲೇಖಕ ಕ್ರಿಸ್ಟಿ ಬ್ರೌನ್ ಆಗಲು ಡೇ-ಲೂಯಿಸ್ ಡಬ್ಲಿನ್ನಿನ ಒಂದು ಚಿಕಿತ್ಸಾಶಾಲೆಯಲ್ಲಿ ದಿನ ಕಳೆದರು, ಅಲ್ಲಿನ ಅಂಗವಿಕಲರ ಸ್ನೇಹ ಬೆಳೆಸಿದರು. ಅದು ಅಧ್ಯಯನ, ಪ್ರಶ್ನೆಯಿಲ್ಲ. ಚಿತ್ರೀಕರಣದುದ್ದಕ್ಕೂ ಗಾಲಿಕುರ್ಚಿ ಬಿಡದೆ ಕುಳಿತದ್ದು ಇನ್ನೊಂದು ಕಥೆ. ನೆಲದ ಕೇಬಲ್ಲುಗಳ ಮೇಲಿಂದ ಕುರ್ಚಿ ಎತ್ತಿ ದಾಟಿಸಿದವರು, ಚಮಚದಲ್ಲಿ ಉಣಿಸಿದವರು ತಂಡದ ಕೆಲಸಗಾರರು. ನಟನಿಗೆ ಆಸ್ಕರ್ ಬಂತು, ಎತ್ತಿದವರ ಬೆನ್ನುನೋವು ಯಾವ ಪುಸ್ತಕದಲ್ಲೂ ಇಲ್ಲ.

ಆದರ್ಶಗಳು ಕೆಳಗಿಳಿಯುವ ರೀತಿಯೂ ಚಿಂತೆಗೆ ಹಚ್ಚುತ್ತದೆ. ಬ್ಲೆಸ್ಸಿ ನಿರ್ದೇಶನದ ಮಲಯಾಳಂನ 'ಆಡುಜೀವಿತಂ' (2024) ಚಿತ್ರಕ್ಕೆ ಪೃಥ್ವಿರಾಜ್ 31 ಕಿಲೋ ಇಳಿದರು. ಹಕೀಮ್ ಪಾತ್ರದ ಹೊಸ ನಟ ಕೆ.ಆರ್. ಗೋಕುಲ್ ಕೂಡ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡರು. ಸ್ಫೂರ್ತಿಯಾಗಿ ಗೋಕುಲ್ ನೆನೆದದ್ದು ಬೇಲ್ ಅವರ ಮೆಶಿನಿಸ್ಟ್. ತಾರೆಯೊಬ್ಬನ ಆಯ್ಕೆ ಎರಡು ದಶಕಗಳಲ್ಲಿ ಹೊಸಬರ ಮೇಲಿನ ನಿರೀಕ್ಷೆಯಾಗಿ ಮಾರ್ಪಡುತ್ತದೆ. ಕನ್ನಡದ ನಿರ್ಮಾಪಕರು ಒಪ್ಪಂದದಲ್ಲಿ ವೈದ್ಯರ ಮೇಲ್ವಿಚಾರಣೆಯನ್ನು ಷರತ್ತಾಗಿ ಬರೆಯಬೇಕು, ವಿಮರ್ಶಕರು ಕಿಲೋಗಳನ್ನು ಪ್ರಸಾಧನದ ಸಾಲಿನಲ್ಲೇ ಚರ್ಚಿಸಬೇಕು.

ಬೇಲ್ ಅವರ ದಾರಿಯೂ ಬದಲಾಗಿದೆ. ಗ್ಯಾರಿ ಓಲ್ಡ್‌ಮನ್ 'ಡಾರ್ಕೆಸ್ಟ್ ಅವರ್' (2017) ಚಿತ್ರದಲ್ಲಿ ಕೃತಕ ಚರ್ಮದ ಪ್ರಸಾಧನದ ಬಲದಿಂದಲೇ ಚರ್ಚಿಲ್ ಆಗಿ ಆಸ್ಕರ್ ಗೆದ್ದಿದ್ದರು. ಮರುವರ್ಷ 'ವೈಸ್' ಚಿತ್ರದಲ್ಲಿ ಡಿಕ್ ಚೇನಿಯ ಪಾತ್ರಕ್ಕೆ ಬೇಲ್ ಮತ್ತೆ ತೂಕ ಏರಿಸಿದರು, ಪ್ರಸಾಧನವನ್ನೂ ಹಚ್ಚಿಸಿಕೊಂಡರು, ಆಮೇಲೆ ಇನ್ನು ಈ ಸಾಹಸ ಸಾಕೆಂದರು. ಆ ಚಿತ್ರಕ್ಕೆ ಎಂಟು ಆಸ್ಕರ್ ನಾಮನಿರ್ದೇಶನಗಳು ಬಂದವು. ಗೆದ್ದದ್ದು ಒಂದೇ, ಪ್ರಸಾಧನ ಮತ್ತು ಕೇಶವಿನ್ಯಾಸಕ್ಕೆ.