ದನಿ ನುಂಗಿದ ಪಿನ್ನು

ಮುತ್ಯಾ ತೀರಿಕೊಂಡು ವರ್ಷವಾದಾಗ ನವಲಿಯ ಮನೆ ಮುಂದೆ ಮೈಕ್‌ಸೆಟ್ ಹಾಕಿಸಿದ್ದೆವು. ಮುತ್ಯಾ ಹಾಡಿದ್ದ ತತ್ವಪದ ಮೊಬೈಲಿನಲ್ಲಿ ಉಳಿದಿತ್ತು. ಲ್ಯಾಪ್‌ಟಾಪಿಗೆ ಹಾಕಿಕೊಂಡು ಮಿಕ್ಸರ್‌ಗೆ ಪಿನ್ ಚುಚ್ಚಿದೆ. ಸದ್ದೇ ಇಲ್ಲ! ಸಿನಿಮಾ ಹಾಡು ಹಾಕಿದರೆ ವಾದ್ಯ ಕೇಳುತ್ತದೆ, ಹಾಡುವವರು ಮಾಯ. "ಮುತ್ಯಾ ಸಿಟ್ಟಾಗ್ಯಾನೇನೋ" ಅಂದಳು ಅವ್ವ.

ಸಿಟ್ಟು ಪಿನ್ನಿನದು. ಮಿಕ್ಸರ್‌ನ ಕಾಲು ಇಂಚಿನ ಪಿನ್ನು 1870ರ ದಶಕದ ಕೊನೆಗೆ ಅಮೆರಿಕದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ, ಕರೆ ಜೋಡಿಸಲೆಂದು ಹುಟ್ಟಿದ್ದು. ಮುಂದೆ ಟೆಲಿಫೋನಿನವರು ಗೊರಗೊರ ತಪ್ಪಿಸಲು ಎರಡು ತಂತಿ ಎಳೆದರು. ಎರಡರಲ್ಲೂ ಸಮನಾಗಿ ಬಂದದ್ದು ಕಳೆದುಹೋಗುತ್ತದೆ. ಮಿಕ್ಸರ್ ಇಂದಿಗೂ ಅದೇ ಲೆಕ್ಕ ಮಾಡುತ್ತದೆ. ಆದರೆ 1979ರ ವಾಕ್‌ಮನ್ ಮನೆಮನೆಗೆ ತಂದ 3.5 ಮಿ.ಮೀ. ಸ್ಟೀರಿಯೊ ಪಿನ್ನಿನಲ್ಲಿ ಆ ಎರಡು ತಂತಿ ಎಂದರೆ ಎಡ ಕಿವಿ, ಬಲ ಕಿವಿ. ಮುತ್ಯಾನ ದನಿ ಎರಡರಲ್ಲೂ ಒಂದೇ. ಮಿಕ್ಸರ್ ಅದನ್ನೇ ಗೊರಗೊರ ಅಂದುಕೊಂಡು ನುಂಗಿತ್ತು.

ಮೈಕ್‌ಸೆಟ್ ಹುಡುಗ ಎಡ-ಬಲ ಸೀಳಿದ ವೈರು ತಂದು ಎರಡು ತೂತಿಗೆ ಚುಚ್ಚಿದ. ಮುತ್ಯಾ ಕೆಮ್ಮಿ, ಪದ ಎತ್ತಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.